ಮೂಡಣ ಬಾಗಿಲಿನ ಚರ್ಚು

ಮಕ್ಕಳಿಗೆ ದಿಕ್ಕುಗಳ ಪಾಠ ಮಾಡುವ ಮಾಸ್ತರಣಿ ನಾನು. ನಮ್ಮ ಚರ್ಚಿನ ದಿಕ್ಕು ತಪ್ಪಿಸಿದವಳೂ ನಾನೇ!

ಅಪ್ಪ ಮೂವತ್ತು ವರ್ಷ ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲೇ ಪ್ರಾರ್ಥನೆ ನಡೆಸಿದ್ದ. ಅವನಿಗಿದ್ದದ್ದು ಒಂದೇ ಆಸೆ. ಪುನರುತ್ಥಾನದ ಹಬ್ಬದ ಬೆಳಗ್ಗೆ ನಮ್ಮದೇ ಚರ್ಚಿನಲ್ಲಿ ನಿಂತು, ಹುಟ್ಟುವ ಸೂರ್ಯನನ್ನು ನೋಡುತ್ತ ಹಾಡಬೇಕು. ಕೊನೆಗೂ ಜಾಗ ಸಿಕ್ಕಿತು. ಗೋಡೆ ಕಟ್ಟಲು ತಾಂಬಾದ ಗೌಂಡಿ ಬಂದ. ಅಷ್ಟರಲ್ಲಿ ಮುದ್ದೇಬಿಹಾಳದಲ್ಲಿ ತಂಗಿಯ ಹೆರಿಗೆ. ಅಪ್ಪ ಹೊರಡುವಾಗ, "ಪೀಠ ಮೂಡಣಕ್ಕ, ಮ್ಯಾಲೆ ದೊಡ್ಡ ಕಿಡಕಿ, ಬಾಗಲಾ ಪಡುವಣಕ್ಕ. ಗೌಂಡಿಗಿ ಹೇಳವ್ವಾ" ಎಂದ. ಪಾಯಾ ತೆಗೆಯುವ ಸಡಗರದಲ್ಲಿ ಊರಿಗೆಲ್ಲ ಪೇಢೆ ಹಂಚಿದೆ, ಹೇಳಬೇಕಾದ ಮಾತನ್ನೇ ಮರೆತೆ.

ಅಪ್ಪ ವಾಪಸು ಬಂದಾಗ ಗೋಡೆ ಎದೆಮಟ್ಟ ಎದ್ದಿತ್ತು. ಬಾಗಿಲಿನ ಚೌಕಟ್ಟು ಮೂಡಣಕ್ಕೇ ನಿಂತಿತ್ತು.

"ಇದೇನ್ರಿ ಇದು?"

ಗೌಂಡಿ ಗಾಬರಿಯಾದ. "ಇಂಡಿ, ಬಾಗೇವಾಡಿ ಕಡೆ ಎಷ್ಟೋ ಗುಡಿ ಕಟ್ಟೇನ್ರಿ ಯಜಮಾನ್ರ. ದೇವರು ಮೂಡಣಕ್ಕ ನೋಡಬೇಕಲ್ರಿ? ಹೊತ್ತು ಹುಟ್ಟಿದ ಬೆಳಕು ಮೊದಲ ಅವನ ಮ್ಯಾಲೆ ಬೀಳಬೇಕು."

"ನಮ್ಮಲ್ಲಿ ಮೂಡಣಕ್ಕ ನೋಡಾವ್ರು ನಾವ್ರಿ."

ತಪ್ಪು ನನ್ನದೆಂದು ಒಪ್ಪಿಕೊಂಡೆ. ಗೌಂಡಿ ಆಗಲೇ ಹಾರೆ ಎತ್ತಿದ್ದ, ತಾನೇ ಕೆಡವುತ್ತೇನೆಂದು. ಅಪ್ಪ ಚೌಕಟ್ಟನ್ನೊಮ್ಮೆ ಮುಟ್ಟಿ ನೋಡಿ, "ಪ್ರೀತಿಲೆ ಕಟ್ಟೀರಿ. ಇರಲಿ ಬಿಡ್ರಿ" ಎಂದ. ಚಹಾ ಕುಡಿಯದೆ ಮನೆಗೆ ಹೋದ. ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮುಂದೆ ಗೌಂಡಿ ನಮ್ಮ ಹಬ್ಬಗಳ ಲೆಕ್ಕದಲ್ಲೇ ಕೆಲಸ ಓಡಿಸಿದ. ಬೂದಿ ಬುಧವಾರಕ್ಕೆ ಸ್ಲ್ಯಾಬು, ಗರಿಗಳ ಭಾನುವಾರಕ್ಕೆ ಸುಣ್ಣ. "ಶುಭ ಶುಕ್ರವಾರ ಕೆಲಸ ಬಂದ್" ಎಂದಾಗ ಮಾತ್ರ, "ಸತ್ತ ದಿನಾ ಶುಭ ಹೆಂಗ ಆದೀತ್ರಿ ಅಕ್ಕಾರ?" ಎಂದು ನನ್ನ ಬೆನ್ನು ಬಿದ್ದ. "ಭಾನುವಾರ ಬೆಳಗ್ಗೆ ಬರ್ರಿ, ತಿಳೀತದ" ಎಂದೆ.

ಯೇಸು ಸಾವಿನಿಂದ ಎದ್ದುಬಂದ ಹಬ್ಬದ ಆ ಭಾನುವಾರ ಬಂದೇಬಿಟ್ಟಿತು! ಹೊಸ ಸುಣ್ಣದ ವಾಸನೆ, ಹೊಸ ಸೀರೆಗಳ ಸರಬರ. ಎಲ್ಲರೂ ಪೀಠಕ್ಕೆ ಮುಖ, ಸೂರ್ಯನಿಗೆ ಬೆನ್ನು. ತೆರೆದ ಬಾಗಿಲಿನಿಂದ ಕೆಂಪು ಬೆಳಕು ನುಗ್ಗಿ ನೇರ ಶಿಲುಬೆಯ ಮೇಲೆ ಬಿತ್ತು. ಹೊಸ ಚರ್ಚಿಗೆಂದು ಬಂದ ಪಾದ್ರಿಗಳು ಹಾಡು ಎತ್ತಿದರು. ಅಪ್ಪ ಎದ್ದು ನಿಂತ. ಕೋಲೂರಿ ಗರ್ರನೆ ತಿರುಗಿ ಬಾಗಿಲ ಕಡೆ ಮುಖ ಮಾಡಿ ಹಾಡತೊಡಗಿದ. ನಾನೂ ತಿರುಗಿದೆ. ಸಾಲಿಗೆ ಸಾಲೇ ತಿರುಗಿತು, ಕಡೆಗೆ ಪಾದ್ರಿಗಳೂ ಇಳಿದು ಬಂದು ನಮ್ಮ ಜೊತೆ ನಿಂತರು.

ಬಾಗಿಲಲ್ಲಿ ಗೌಂಡಿ! ಹೊಸ ಧೋತರ, ಕೈಯಲ್ಲಿ ತೆಂಗಿನಕಾಯಿ, ಇಡೀ ಸಭೆಯೇ ತನ್ನತ್ತ ನೋಡುವುದನ್ನು ಕಂಡು ಬೆವತುಹೋಗಿದ್ದ.

"ಅಡ್ಡ ನಿಂತೆನೇನ್ರಿ?"

"ಒಳಗ ಬರ್ರಿ" ಎಂದ ಅಪ್ಪ, ನಗುತ್ತ, ಕಣ್ಣೀರು ಸುರಿಸುತ್ತ. "ನಮ್ಮ ಕೂಡ ನಿಂತು ನೋಡ್ರಿ."

ಅಪ್ಪ ಈಗಿಲ್ಲ. ಪ್ರತಿ ವರ್ಷ ಹಬ್ಬದ ಮೊದಲ ಹಾಡಿಗೆ ನಾವು ಪೀಠಕ್ಕೆ ಬೆನ್ನು ಮಾಡುತ್ತೇವೆ. ಹೊಸದಾಗಿ ಬಂದ ಪಾದ್ರಿಗಳು ಹೌಹಾರುತ್ತಾರೆ. ಮೊದಲು ಎದ್ದು ತಿರುಗುವವಳು ನಾನು.