ಬದುಕಿರುವವರ ಫೋಟೋ

ನಾನು ಹೊಟ್ಟೆಪಾಡಿಗೆ ಜನರ ರಕ್ತ ತೆಗೆಯುತ್ತೇನೆ, ಖುಷಿಗೆ ಅವರ ಫೋಟೋ ತೆಗೆಯುತ್ತೇನೆ. ವಾರದಲ್ಲಿ ಆರು ದಿನ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿ ಚಿಂತಾಮಣಿಯ ಒಂದು ಲ್ಯಾಬಿಗೆ ಹೋಗಿ, "ಕೈ ಚಾಚಮ್ಮ, ಮುಷ್ಟಿ ಹಿಡಿ, ಆಯ್ತು ಆಯ್ತು" ಎಂದು ಕನ್ನಡದಲ್ಲೂ ತೆಲುಗಿನಲ್ಲೂ, ಸರಿಯಾಗಿ ಬಾರದ ಉರ್ದುವಿನಲ್ಲೂ ಹೇಳುವುದು ನನ್ನ ಕೆಲಸ. ಏಳನೆಯ ದಿನ ಕ್ಯಾಮೆರಾ. ಎರಡು ಕಡೆಯೂ ಜನ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. ಆದರೆ ಕೇಳದೆ ಯಾರಿಗಾದರೂ ಸೂಜಿ ಚುಚ್ಚಿದರೆ ನನ್ನನ್ನು ಅಲ್ಲೇ ಹಿಡಿದು ಬಾರಿಸುತ್ತಾರೆ; ಕೇಳದೆ ಫೋಟೋ ತೆಗೆದರೆ ಅದನ್ನು ಕಲೆ ಎನ್ನುತ್ತಾರೆ. ಈ ಎರಡನೆಯದು ನನಗೆ ಮೊದಲಿನಿಂದಲೂ ಮೈ ಉರಿಸುವ ವಿಷಯ.

ಉರಿಗೆ ಕಾರಣವಿದೆ. ನಾನು ಹುಟ್ಟಿ ಬೆಳೆದದ್ದು ನಂದಿಯಲ್ಲಿ. ಬೆಟ್ಟಕ್ಕೆ ಬಂದವರು ಇಳಿಯುವಾಗ ಕೆಳಗಿನ ದೇವಸ್ಥಾನ ನೋಡುತ್ತಿದ್ದರು, ಆಮೇಲೆ ನಮ್ಮನ್ನು ನೋಡುತ್ತಿದ್ದರು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬೀದಿ ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದ ನನ್ನನ್ನು ಒಬ್ಬರು ಫೋಟೋ ತೆಗೆದರು. "ಕಳಿಸ್ತೀನಿ ಪುಟ್ಟಾ" ಎಂದು ವಿಳಾಸವನ್ನೂ ಬರೆದುಕೊಂಡರು. ಆ ವರ್ಷವೆಲ್ಲ ಪೋಸ್ಟ್‌ಮನ್ ಸೈಕಲ್ಲಿನ ಹಿಂದೆ ಓಡಿದೆ, ಏನೂ ಬರಲಿಲ್ಲ. ಮೂಗು ಸುರಿಸಿಕೊಂಡಿದ್ದ ನನ್ನ ಮುಖ ಯಾರ ಮನೆಯಲ್ಲಿದೆಯೋ, ಕೆಳಗೆ ಏನು ಬರೆದಿದ್ದಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಸ್ವಂತ ಕ್ಯಾಮೆರಾ ಕೊಂಡ ದಿನವೇ ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಮೊದಲು ಕೇಳಬೇಕು. ತೆಗೆದದ್ದನ್ನು ತೋರಿಸಬೇಕು. ಬೇಡ ಎಂದರೆ ಅವರೆದುರೇ ಅಳಿಸಬೇಕು. ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸೊಬ್ಬರಿಗೆ ಒಂದು ಪ್ರಿಂಟ್ ತಲುಪಿಸಲು ಮೂರು ಸಲ ಹೋಗಿದ್ದೇನೆ. ಗೌರಿಬಿದನೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜ ಬೇಡ ಎಂದದ್ದಕ್ಕೆ, ಬಾಯಲ್ಲಿ ನೀರೂರಿಸುವಂಥ ಬೆಳಕನ್ನು ಬಿಟ್ಟು ಸುಮ್ಮನೆ ಅವರ ಪಕ್ಕ ಕೂತು ಕಡಲೆಕಾಯಿ ತಿಂದು ಬಂದಿದ್ದೇನೆ. ಇಷ್ಟು ಮಾಡಿದ್ದರಿಂದ ನನ್ನಂಥ ಮರ್ಯಾದಸ್ಥೆ ಇಡೀ ಜಿಲ್ಲೆಯಲ್ಲಿ ಇಲ್ಲವೆಂಬ ಜಂಬ ನನಗಿತ್ತು. ಅದು ಮುರಿದದ್ದು ಚಿಕ್ಕಬಳ್ಳಾಪುರದ ಹೂವಿನ ಸಾಲಿನಲ್ಲಿ.

ಆ ಸಾಲಿನ ತುದಿಯಲ್ಲಿ ಕೂರುವ ಹೂವಿನಕ್ಕನಿಗೆ ಅರವತ್ತರ ಹತ್ತಿರ ವಯಸ್ಸು. ಪಕ್ಕದ ಅಂಗಡಿ ಅವರ ತಂಗಿಯದು. ಗಿರಾಕಿಗಳ ಜೊತೆ ಕನ್ನಡ, ತಂಗಿಯ ಜೊತೆ ತೆಲುಗು, ಬೈಯುವಾಗ ಎರಡೂ. ನಾಲ್ಕೈದು ತಿಂಗಳು ಕ್ಯಾಮೆರಾ ಚೀಲದಿಂದ ತೆಗೆಯದೆ ಬರೀ ಹೂ ಕೊಂಡೆ. ಕೊನೆಗೆ ಒಂದು ಭಾನುವಾರ ಅವರೇ, "ಅದೇನು ಬಂದಾಗೆಲ್ಲ ಹೊತ್ಕೊಂಡ್ ಬರ್ತೀಯ, ಮಗೂನಾ? ತೆಗಿ, ನೋಡಣ" ಎಂದರು. ಕೇಳಿ ತೆಗೆದೆ. ಮೇಲಿನ ಬಿದಿರಿಗೆ ದೊಡ್ಡ ಸೇವಂತಿಗೆ ಹಾರ ತೂಗುಹಾಕಲು ಅವರು ಎದ್ದು ನಿಂತಾಗ ಹಾರದ ಎರಡೂ ಎಳೆ ಮುಖದ ಅಕ್ಕಪಕ್ಕ ಇಳಿದವು. ಟಾರ್ಪಾಲಿನ ಸಂದಿಯಿಂದ ಬೆಳಕು ಹಣೆಯ ಮೇಲೆ ಬಿತ್ತು. ಕಣ್ಣು ದೂರದಲ್ಲೆಲ್ಲೋ ಇತ್ತು. ತೋರಿಸಿದೆ. "ಚೆನ್ನಾಗೈತೆ" ಎಂದು ಸೇವಂತಿಗೆ ತೂಗಲು ಕೂತರು.

ಮನೆಗೆ ಬಂದು ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದೆ. ನೋಡಿ ನನಗೇ ರೋಮಾಂಚನವಾಯಿತು. ಊರಿನ ಹವ್ಯಾಸಿ ಛಾಯಾಗ್ರಾಹಕರ ಸಂಘದ ವಾರ್ಷಿಕ ಪ್ರದರ್ಶನಕ್ಕೆ ಒಂಬತ್ತು ವರ್ಷದಿಂದ ಚಿತ್ರ ಕಳಿಸುತ್ತಿದ್ದೆ, ಒಂದು ಸಲವೂ ಆಯ್ಕೆಯಾಗಿರಲಿಲ್ಲ. ಈ ಸಲ ಆಯಿತು. ಅಷ್ಟೇ ಅಲ್ಲ, ಬಾಗಿಲೆದುರಿನ ಮುಖ್ಯ ಗೋಡೆಗೆ ಇದೇ ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದರು. ಖುಷಿಗೆ ನಾನು ಅಂದು ಒಬ್ಬರಿಂದ ಒಂದೇ ಟ್ಯೂಬು ರಕ್ತ ಸಾಕಿದ್ದ ಕಡೆ ಎರಡು ತೆಗೆದುಬಿಟ್ಟಿದ್ದೆ.

ಹೂವಿನಕ್ಕನಿಗೆ ಬರೀ ಪ್ರಿಂಟ್ ಕೊಟ್ಟರೆ ಕಡಿಮೆಯಾದೀತೆಂದು ದೊಡ್ಡದಾಗಿ ಹಾಕಿಸಿ, ಗಾಜು ಕೂರಿಸಿ, ಕಪ್ಪು ಮರದ ಕಟ್ಟು ಹಾಕಿಸಿದೆ. ಭಾನುವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋದಾಗ ಅವರು ರಾಶಿಯ ಹಿಂದೆ ಬಗ್ಗಿ ಮೂಟೆ ಬಿಚ್ಚುತ್ತಿದ್ದರು. ಬೆರಗಾಗಲಿ ಎಂದು ಫೋಟೋವನ್ನು ಅಂಗಡಿಯ ಮುಂದೆ ಚೆಂಡುಹೂವಿನ ರಾಶಿಗೆ ಒರಗಿಸಿ ನಿಲ್ಲಿಸಿದೆ. ಇದಕ್ಕಿಂತ ದಡ್ಡತನವನ್ನು ನಾನು ಬೇರೆಲ್ಲೂ ಮಾಡಿಲ್ಲ.

ಬೈಕಿನಲ್ಲಿ ಬಂದ ಒಬ್ಬ ಗಿರಾಕಿ ಫೋಟೋ ನೋಡಿ ಗಕ್ಕನೆ ನಿಂತ. ಚಪ್ಪಲಿ ಬಿಟ್ಟ. ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ. ಆಮೇಲೆ ತಂಗಿಯ ಕಡೆ ತಿರುಗಿ, "ಯಾವಾಗಮ್ಮ ಹೋಗಿದ್ದು? ಮೊನ್ನೆ ತಾನೆ ಹೂವ ತಗೊಂಡೋಗಿದ್ನಲ್ಲ, ಗಟ್ಟಿಯಾಗೇ ಇದ್ರಲ್ಲ" ಎಂದ. ಆಗ ರಾಶಿಯ ಹಿಂದಿನಿಂದ ಹೂವಿನಕ್ಕ ಎದ್ದು ನಿಂತರು. ಆತ ಹೌಹಾರಿ ಹಿಂದಕ್ಕೆ ಜಿಗಿದು ಸೇವಂತಿಗೆ ಮಂಕರಿಯ ಮೇಲೆ ಕೂತ.

ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ಆ ಗಿರಾಕಿಯ ಕಣ್ಣಿಂದ ಫೋಟೋವನ್ನು ಮತ್ತೆ ನೋಡಿದೆ. ಕಪ್ಪು ಬಿಳುಪು, ಕಟ್ಟು, ಗಾಜು, ಒಬ್ಬರೇ, ಅದರ ಮೇಲೆ ಹಾರ. ನಮ್ಮ ಕಡೆ ಯಾವ ಮನೆಯ ಗೋಡೆಯಲ್ಲಿ ನೋಡಿದರೂ ಅಂಥ ಫೋಟೋಗೆ ಒಂದೇ ಅರ್ಥ. ಒಂಬತ್ತು ವರ್ಷ ಬೆಳಕು ನೆರಳು ಕಲಿತ ನನಗೆ, ಹುಟ್ಟಿದಾಗಿನಿಂದ ಗೊತ್ತಿದ್ದ ಈ ಒಂದು ಸಂಗತಿ ಹೊಳೆದಿರಲಿಲ್ಲ.

"ಚೂಡವೇ, ನನ್ನು ಚಂಪೇಸಿಂದಿ ಈಯಮ್ಮ" ಎಂದರು ಹೂವಿನಕ್ಕ ತಂಗಿಗೆ. ನೋಡೇ, ಈಯಮ್ಮ ನನ್ನನ್ನು ಕೊಂದೇ ಹಾಕಿದಳು ಎಂದು. ತಂಗಿ ಇನ್ನೂ ನಗುತ್ತಿದ್ದಳು. ಇವರು ನಗುತ್ತಿರಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಮ್ ಯಜಮಾನ್ರ ಫೋಟೋಗೆ ಹನ್ನೆರಡು ವರ್ಷದಿಂದ ನಾನೇ ಹಾರ ಕಟ್ತಾ ಇದೀನಿ ಕಣಮ್ಮ. ಈಗ ನಾನು ಕಟ್ಟಿದ್ದನ್ನ ನನ್ ಕೊರಳಿಗೇ ಹಾಕಿದೀಯ. ಇದನ್ನ ಎಲ್ಲೂ ತೋರಿಸ್ಬೇಡ."

ಆ ಚಿತ್ರ ಅದೇ ವಾರದ ಕೊನೆಗೆ, ಅವರ ಅಂಗಡಿಯಿಂದ ಹತ್ತು ನಿಮಿಷ ನಡೆದರೆ ಸಿಗುವ ಸಮುದಾಯ ಭವನದಲ್ಲಿ, ಮುಖ್ಯ ಗೋಡೆಗೆ ಏರಬೇಕಿತ್ತು.

ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಅವರು ಕೆಟ್ಟವರಲ್ಲ, ಒಳ್ಳೆಯ ಕಣ್ಣಿರುವ ಮನುಷ್ಯ. "ಇಂಥ ಪೋರ್ಟ್ರೇಟ್ ಎಷ್ಟೋ ವರ್ಷಕ್ಕೊಂದು ಬರುತ್ತೆ ಮೇಡಂ. ಅವರೇನು ಎಕ್ಸಿಬಿಷನ್ನಿಗೆ ಬರ್ತಾರಾ? ಗೊತ್ತೇ ಆಗಲ್ಲ ಬಿಡಿ" ಎಂದರು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ಆಸೆಯಾಯಿತು. ಒಂಬತ್ತು ವರ್ಷವೆಂದರೆ ಕಡಿಮೆಯೇ? ಆಮೇಲೆ ನಂದಿಯ ಆ ನಲ್ಲಿ ನೆನಪಾಗಿ ಮೈಯೆಲ್ಲ ಬೆಂಕಿಯಾಯಿತು. "ಅವರ ಮುಖ ಸಾರ್ ಅದು, ನಿಮ್ಮ ಗೋಡೆಯ ಅಲಂಕಾರ ಅಲ್ಲ" ಎಂದು ದನಿ ಏರಿಸಿಯೇ ಹೇಳಿದೆ. ಕೊನೆಗೆ ಅವರು ತಮ್ಮ ಹತ್ತಿರವಿದ್ದ ಪ್ರತಿಯನ್ನು ಅಳಿಸಲು ಒಪ್ಪಿ, ಗುರುವಾರದೊಳಗೆ ಬೇರೆ ಚಿತ್ರ ಕೊಟ್ಟರೆ ನೋಡೋಣ, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ ಎಂದರು.

ಮಂಗಳವಾರ ಬೆಳಿಗ್ಗೆ ಚಿಂತಾಮಣಿ ಬಸ್ಸಿಗೆ ಮೊದಲು ಮಾರುಕಟ್ಟೆಗೆ ಹೋದೆ. ಲ್ಯಾಪ್‌ಟಾಪನ್ನು ಹೂವಿನಕ್ಕನ ಮುಂದಿನ ಗೋಣಿಯ ಮೇಲಿಟ್ಟು, ಬಣ್ಣದ್ದು, ಕಪ್ಪು ಬಿಳುಪಿನದು, ಎಲ್ಲವನ್ನೂ ಅವರೆದುರೇ ಅಳಿಸಿದೆ. ಕಟ್ಟು ಬಿಚ್ಚಿ ತಂದಿದ್ದ ಪ್ರಿಂಟನ್ನು ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಹರಿದು ಬಾಡಿದ ಹೂವಿನ ಬುಟ್ಟಿಗೆ ಹಾಕಿದರು.

"ನಿಜವಾಗ್ಲೂ ಅಳಿಸಿಬಿಟ್ಯಾ?"

"ಹೂಂ ಅಕ್ಕ."

"ನಾನು ಬೇಡ ಅಂದೆ ಅಂತ?"

"ಮತ್ತೆ? ನಿಮ್ಮ ಮುಖ ಅಲ್ವಾ?"

ಅವರು ಕಟ್ಟುತ್ತಿದ್ದ ಹೂ ಮಡಿಲಲ್ಲಿಟ್ಟು ನನ್ನನ್ನು ನೋಡಿದರು. "ಈ ಮಾರ್ಕೆಟ್‌ಗೆ ಬಂದು ಮೂವತ್ತು ವರ್ಷ ಆಯ್ತು. ನಾನು ಬೇಡ ಅಂದಿದ್ದಕ್ಕೆ ಒಬ್ರು ಒಂದು ಕೆಲ್ಸ ನಿಲ್ಸಿದ್ದು ಇವತ್ತೇ ನೋಡು" ಎಂದರು. ಆಮೇಲೆ ಎಂದಿನ ದನಿ ಬಂತು. "ನಾಳೆ ಬಾ. ಆದ್ರೆ ನಾನು ಹೇಳ್ದಂಗೆ ತೆಗೀಬೇಕು. ನಿನ್ ಬುದ್ಧಿ ಮನೇಲಿಟ್ಟು ಬಾ."

ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಬುಧವಾರ ಹೋದೆ. ಹೂವಿನಕ್ಕ ಗಿಣಿ ಹಸಿರು ಸೀರೆ ಉಟ್ಟು, ತಲೆ ಬಾಚಿ, ಯಾರೇನಾದರೂ ಅಂದುಕೊಳ್ಳಲಿ ಎಂಬಂತೆ ಕನಕಾಂಬರ ಮುಡಿದು ಕೂತಿದ್ದರು. ತಲೆಯ ಮೇಲಿದ್ದ ಹಾರಗಳನ್ನೆಲ್ಲ ತೆಗೆಸಿದ್ದರು. ನಾನು ನೆರಳಿನ ಕಡೆ ಕೈ ತೋರಿಸಿದರೆ, "ಕತ್ತಲೇಲಿ ಯಾಕ್ ಕೂರ್ಲಿ, ನಾನೇನು ಕಳ್ಳೀನಾ" ಎಂದು ಬಿಸಿಲಿಗೆ ಬಂದರು. ಹಿಂದಿನ ನೀಲಿ ಟಾರ್ಪಾಲು ಕಣ್ಣಿಗೆ ಹೊಡೆಯುತ್ತಿತ್ತು, ಅದನ್ನು ಮುಟ್ಟಲು ಬಿಡಲಿಲ್ಲ. ಕಲಿತದ್ದೆಲ್ಲ ಒಂದೊಂದಾಗಿ ಮಣ್ಣುಪಾಲಾಯಿತು.

ಅವರಿಗೆ ಬೇಕಿದ್ದದ್ದು ಮೊಳ ಹಾಕುವಾಗಿನ ಚಿತ್ರ. ಕಟ್ಟಿದ ಹೂವನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡುತ್ತಾರಲ್ಲ, ಅದು. ಕೆಲವರು ಮೊಣಕೈಯನ್ನು ಸ್ವಲ್ಪ ಮುಂದಕ್ಕೆ ಜಾರಿಸಿ ಎರಡು ಹೂ ಉಳಿಸಿಕೊಳ್ಳುತ್ತಾರೆ. "ನನ್ ಮೊಳದಲ್ಲಿ ಒಂದು ಹೂವ ಕಮ್ಮಿ ಅಂತ ಒಬ್ರು ಅಂದಿಲ್ಲ. ತೆಗಿಯಂಗಿದ್ರೆ ಅದನ್ನ ತೆಗಿ. ಕೈ ಪೂರಾ ಬರ್ಬೇಕು" ಎಂದರು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಕಾಕಡ ಹೂ ಕೇಳಿದಳು. ಹೂವಿನಕ್ಕ ಕೈ ಚಾಚಿ ಅಳೆಯತೊಡಗಿದರು. "ಸರಿಯಾಗಿ ಹಾಕಕ್ಕ" ಎಂದಳು ಆಕೆ. ಅಷ್ಟು ಸಾಕಾಯಿತು. "ಸರಿಯಾಗಿ ಅಂದ್ರೆ? ನನ್ ಕೈ ನೋಡು, ನಿನ್ ಕೈ ನೋಡು!" ಎಂದು ಅವರು ಶುರು ಮಾಡಿದ ಮಾತು ಮುಗಿಯುವ ಹೊತ್ತಿಗೆ ನಾನು ಹನ್ನೊಂದು ಸಲ ಒತ್ತಿದ್ದೆ.

ಒಂದೊಂದೇ ತೋರಿಸಿದೆ. ನನಗೆ ಹಿಡಿಸಿದ್ದು ಕಣ್ಣು ತಗ್ಗಿಸಿ ಅಳೆಯುತ್ತಿದ್ದ ಮೂರನೆಯದು. ಅವರು ಆರಿಸಿದ್ದು ಎಂಟನೆಯದು. ಅದರಲ್ಲಿ ಬಾಯಿ ಅರ್ಧ ತೆರೆದಿದೆ, ಹುಬ್ಬು ಮೇಲೇರಿದೆ, ಚಾಚಿದ ಕೈ ಚೌಕಟ್ಟಿನ ಉದ್ದಕ್ಕೂ ಇದೆ, ಬಿಳಿ ಕಾಕಡ ಮಣಿಕಟ್ಟಿನಿಂದ ಜೋತಿದೆ. ನಾನಾಗಿದ್ದರೆ ಮೊದಲು ಅಳಿಸುತ್ತಿದ್ದ ಚಿತ್ರ.

"ಇದೇ ಯಾಕಕ್ಕ?"

"ಇದ್ರಲ್ಲಿ ಮಾತಾಡ್ತಾ ಇದೀನಲ್ಲ. ಸತ್ತೋರು ಮಾತಾಡ್ತಾರಾ?"

ಪ್ರದರ್ಶನದ ಗೋಡೆಗೆ ಹಾಕಲೇ ಎಂದು ಕೇಳಿದ್ದಕ್ಕೆ, "ಹಾಕು, ನಾನೂ ಬಂದ್ ನೋಡ್ತೀನಿ" ಎಂದರು. ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ನೋಡಿದೆ. ಶಿಡ್ಲಘಟ್ಟ ಬರುವಷ್ಟರಲ್ಲಿ ನನಗೂ ಕಾಣಿಸಿತು. ಮೊದಲಿನ ಚಿತ್ರದಲ್ಲಿ ಇದ್ದದ್ದು ನನ್ನ ಜಾಣತನ. ಇದರಲ್ಲಿ ಅವರೇ ಇದ್ದರು, ಇಡೀ ಮಾರುಕಟ್ಟೆಗೆ ಕೇಳಿಸುವಷ್ಟು ಗಟ್ಟಿಯಾಗಿ. ಪಕ್ಕದಲ್ಲಿ ಕೂತವರು ಇಣುಕಿ ನೋಡಿ, "ಯಾರಿಗೋ ಚೆನ್ನಾಗಿ ಬೀಳ್ತಾ ಐತೆ" ಎಂದು ನಕ್ಕರು. ಅಂಥ ಮೆಚ್ಚುಗೆ ನನಗೆ ಅದುವರೆಗೆ ಯಾವ ಸಂಘದಿಂದಲೂ ಸಿಕ್ಕಿರಲಿಲ್ಲ.

ಗುರುವಾರ ಕಾರ್ಯದರ್ಶಿಗಳು ಚಿತ್ರ ನೋಡಿ ಮೊದಲು ಮುಖ ಹುಳಿ ಮಾಡಿಕೊಂಡರು. ಆ ನೀಲಿ ಟಾರ್ಪಾಲು ಎಂದರು, ಬಿಸಿಲು ಎಂದರು. ಆಮೇಲೆ ಇನ್ನೊಮ್ಮೆ ಹತ್ತಿರದಿಂದ ನೋಡಿದರು. ಕೊನೆಗೆ, "ಮುಖ್ಯ ಗೋಡೆಯಲ್ಲೇ ಇರಲಿ ಬಿಡಿ" ಎಂದರು.

ಭಾನುವಾರ ವ್ಯಾಪಾರ ಮುಗಿಸಿ ಹೂವಿನಕ್ಕ ತಂಗಿಯನ್ನೂ ಸಾಲಿನ ಇನ್ನೂ ನಾಲ್ಕು ಹೆಂಗಸರನ್ನೂ ಕರೆದುಕೊಂಡು ಬಂದರು. ಉಟ್ಟಿದ್ದು ಅದೇ ಗಿಣಿ ಹಸಿರು ಸೀರೆ. ಭವನದ ತುಂಬ ಜನ, ಅರ್ಧಕ್ಕರ್ಧ ಆ ಚಿತ್ರದ ಮುಂದೆಯೇ. ಒಬ್ಬರು ತಿರುಗಿ ನೋಡಿ, "ಅರೆ, ಇವರೇ!" ಎಂದದ್ದೇ ತಡ, ಜನ ಸರಿದು ದಾರಿ ಬಿಟ್ಟರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ನನ್ನ ಎದೆ ಉಬ್ಬಿ ಹೋಯಿತು.

ಹೂವಿನಕ್ಕ ಮಾತ್ರ ಚಿತ್ರದ ಕೆಳಗಿದ್ದ ಚೀಟಿಯನ್ನು ನೋಡುತ್ತಿದ್ದರು. "ಇದೇನ್ ಬರ್ದವ್ರೆ, ಓದಮ್ಮ" ಎಂದರು. ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಕೆಳಗೆ ಸಣ್ಣದಾಗಿ, 'ಹೂ ಮಾರುವ ಮಹಿಳೆ'.

"ಇದು ನಿನ್ ಹೆಸ್ರು. ನಂದೆಲ್ಲಿ?"

ಆ ಚೀಟಿಗೆ ಒಕ್ಕಣೆ ಬರೆದುಕೊಟ್ಟವಳು ನಾನೇ. ಕೇಳಬೇಕು, ತೋರಿಸಬೇಕು, ಅಳಿಸಬೇಕು, ಕೊಡಬೇಕು ಎಂದೆಲ್ಲ ಕಟ್ಟಳೆ ಮಾಡಿಕೊಂಡವಳು, ಇಷ್ಟು ದಿನದಲ್ಲಿ ಒಮ್ಮೆಯೂ ಅವರ ಹೆಸರು ಕೇಳಿರಲಿಲ್ಲ. ಲ್ಯಾಬಿನಲ್ಲಿ ಹೆಸರು ಬರೆದುಕೊಳ್ಳದೆ ಒಂದು ಹನಿ ರಕ್ತ ತೆಗೆಯದ ನಾನು.

"ತಪ್ಪಾಯ್ತಕ್ಕ" ಎಂದು ಪೆನ್ನು ಮುಂದೆ ಹಿಡಿದೆ. "ನೀವೇ ಬರೀರಿ."

ಅವರು ಗಡಿಯಾಚೆ ತಾಯಿಮನೆಯಲ್ಲಿ ಮೂರನೇ ಕ್ಲಾಸಿನವರೆಗೆ ತೆಲುಗಿನಲ್ಲಿ ಓದಿದವರಂತೆ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, 'ಹೂ ಮಾರುವ ಮಹಿಳೆ'ಯನ್ನು ಒಂದು ಗೆರೆಯಲ್ಲಿ ಹೊಡೆದು ಹಾಕಿ, ಅದರ ಕೆಳಗೆ ನಿಧಾನವಾಗಿ ನಾಲ್ಕು ಅಕ್ಷರ ಬರೆದರು. ಕೊನೆಯ ಅಕ್ಷರ ಚೀಟಿ ದಾಟಿ ಗೋಡೆಗೆ ಬಂತು. ಕಾರ್ಯದರ್ಶಿಗಳು ಗೋಡೆಯನ್ನೂ ನೋಡಿದರು, ನನ್ನನ್ನೂ ನೋಡಿದರು, ಆಮೇಲೆ ಆ ಕಡೆ ನಡೆದರು.

ತೆಲುಗು ಲಿಪಿ ಕನ್ನಡದಂತೆಯೇ ಕಂಡರೂ, ಮುಷ್ಟಿಯಲ್ಲಿ ಹಿಡಿದ ಪೆನ್ನಿನ ಆ ಸೊಟ್ಟ ಅಕ್ಷರ ನನಗೆ ಓದಲು ಬರಲಿಲ್ಲ. ಆ ನಾಲ್ಕು ಅಕ್ಷರವನ್ನು ಹೂವಿನಕ್ಕ ಅಲ್ಲೇ ನನಗೆ ಬೆರಳಿಟ್ಟು ಹೇಳಿಕೊಟ್ಟರು, ತಪ್ಪಿದಾಗ ತಲೆಗೊಂದು ಮೊಟಕಿದರು. ಸಂಜೆಯವರೆಗೆ ಬಂದವರೆಲ್ಲ ಚಿತ್ರ ನೋಡಿ, ಚೀಟಿಗೆ ಬಗ್ಗಿ, ಇದೇನು ಬರೆದಿದೆ ಎಂದು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದು, ಕೇಳಿದವರಿಗೂ ಕೇಳದವರಿಗೂ ಅವರ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದೆ.