ನಾಲ್ಕು ನೀಲಿ ಕಾಳು

ಬಿತ್ತನೆಯ ದಿನಗಳಲ್ಲಿ ಬೆರಿತ್ ಅತ್ತೆಯ ಹಿತ್ತಿಲಲ್ಲಿ ನಿಂತರೆ ಬಂದೂಕಿನ ಸದ್ದು ಕೇಳುತ್ತಿತ್ತು. ದೊಡ್ಡ ಸದ್ದೇನಲ್ಲ. ಒಣ ಹಲಗೆ ಮುರಿದಂತೆ ಒಂದು ಟಪ್, ಆಮೇಲೆ ಬಯಲುದ್ದಕ್ಕೂ ಬರೀ ಗಾಳಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಪ್. ಬೇಲಿಯಾಚೆ ಅವಳ ಮೈದುನ ಆಸ್ಮುಂಡ್ ಹೋವ್ಡೆ ಕೂರಿಗೆಯ ಮೇಲೆ ಕೂತು ಗೋಧಿ ಬಿತ್ತುತ್ತಿದ್ದ. ಬಂದೂಕು ಅವನ ಕಾಲ ಬಳಿಯೇ ಇರುತ್ತಿತ್ತು. ಬಿತ್ತಿದ ಸಾಲಿನ ಮೇಲೆ ಹುಲ್ಲುಹಕ್ಕಿ ಇಳಿಯಿತೆಂದರೆ ಕುದುರೆ ನಿಲ್ಲಿಸಿ ಹೊಡೆಯುತ್ತಿದ್ದ. ಹಳದಿ ಎದೆ, ಎದೆಗೆ ಅಡ್ಡಲಾಗಿ ಕರಿ ಪಟ್ಟಿ, ಕೈಯಗಲದ ಹಕ್ಕಿ.

ಅವನೊಬ್ಬನೇ ಅಲ್ಲ, ೧೯೧೨ರ ಆ ವಸಂತದಲ್ಲಿ ನಮ್ಮ ಡಕೋಟದ ಬಯಲಿನ ಗಂಡಸರೆಲ್ಲ ಹೊಡೆಯುತ್ತಿದ್ದರು. ಹೊಡೆದದ್ದರ ಹೊಟ್ಟೆ ಸೀಳಿದರೆ ಗೋಧಿ ಸಿಗುತ್ತಿತ್ತು. ಇನ್ನೇನು ಬೇಕು? ಹಕ್ಕಿ ಬಿತ್ತನೆ ಕದಿಯುತ್ತಿದೆ ಎಂದು ತೀರ್ಮಾನವಾಯಿತು. ಏಪ್ರಿಲ್ ಕೊನೆಯ ಭಾನುವಾರ ಶಾಲೆಯಲ್ಲಿ ಸಭೆ ಸೇರುವುದು, ಸೋಮವಾರ ಬೆಳಿಗ್ಗೆ ಹೊಲಗಳ ಅಂಚಿಗೆಲ್ಲ ವಿಷ ಬೆರೆಸಿದ ಗೋಧಿ ಚೆಲ್ಲುವುದು. ವಿಷದ ಮಾತು ಮೊದಲು ಎತ್ತಿದವನು ಆಸ್ಮುಂಡನೇ.

ಬೆರಿತ್ ಅತ್ತೆ ನನಗೆ ನೆಂಟಳಲ್ಲ. ಊರಿನ ಮಕ್ಕಳಿಗೆಲ್ಲ ಅವಳು ಅತ್ತೆ. ಗಂಡ ಎವೆನ್ ಜೊತೆ ನಾರ್ವೆಯಿಂದ ಬಂದು ಹುಲ್ಲುಹೆಂಟೆಯ ಗೋಡೆ ಕಟ್ಟಿ ಬದುಕು ಶುರುಮಾಡಿದಾಗ ಅವಳಿಗೆ ಇಪ್ಪತ್ತೆರಡು. ಮೊದಲ ಚಳಿಗಾಲದಲ್ಲಿ ಎವೆನ್ ರೈಲುದಾರಿಯ ಕೆಲಸಕ್ಕೆ ಹೋದ. ಐದು ತಿಂಗಳು ಅವಳಿಗೆ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಮ್ಮೆ ಹಿಟ್ಟು ನಾದುತ್ತಾ ಹೇಳಿದ್ದಳು:

"ಫೆಬ್ರವರಿ ಹೊತ್ತಿಗೆ ನಾನು ಒಲೆ ಜೊತೆ ಮಾತಾಡ್ತಿದ್ದೆ ಕಣೆ. ಅಷ್ಟೇ ಆಗಿದ್ರೆ ಪರ್ವಾಗಿರ್ಲಿಲ್ಲ. ಒಲೆ ತಿರುಗಿ ಮಾತಾಡೋಕೆ ಶುರು ಮಾಡ್ತು."

"ಆಮೇಲೆ?"

"ಆಮೇಲೆ ಏನು, ಮಾರ್ಚಲ್ಲಿ ಒಂದು ಹುಲ್ಲುಹಕ್ಕಿ ಬಂದು ಚಾವಣಿ ಮೇಲೆ ಕೂತು ಕೂಗ್ತು. ಒಲೆ ಬಾಯಿ ಮುಚ್ಚಿಕೊಳ್ತು."

ಇಷ್ಟು ಹೇಳಿ ನಕ್ಕು ಹಿಟ್ಟಿಗೆ ಕೈ ಹಾಕಿದಳು. ಆ ಹಕ್ಕಿಯ ಋಣದ ಬಗ್ಗೆ ಅವಳು ಅದಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ.

ಎವೆನ್ ವಿಷಮಜ್ವರದಲ್ಲಿ ತೀರಿಕೊಂಡ ಮೇಲೆ ಹೊಲವನ್ನು ಆಸ್ಮುಂಡ್ ನೋಡಿಕೊಂಡ. ಅತ್ತೆ ಸರ್ಕಾರಿ ಪ್ರಯೋಗ ತೋಟದಲ್ಲಿ ತಟ್ಟೆ, ಸೀಸೆ ತೊಳೆಯುವ ಕೆಲಸಕ್ಕೆ ಸೇರಿದಳು. ತೋಟದಲ್ಲಿ ಒಂದು ಕಡೆ ರೋಗ ತಡೆಯುವ ಗೋಧಿ ತಳಿಗಳ ಸಾಲು. ಇನ್ನೊಂದು ಕಡೆ ಒಂದು ಮರದ ಕೋಣೆ. ಅಲ್ಲಿ ಪೂರ್ವದ ಪಟ್ಟಣದಿಂದ ಬಂದ ಡನ್‌ಹ್ಯಾಮ್ ಎಂಬವರು ಕೆಲಸ ಮಾಡುತ್ತಿದ್ದರು. ಊರವರ ಬಾಯಲ್ಲಿ ಅವರು ಹಕ್ಕಿ ಮೇಷ್ಟ್ರು. ಯಾವ ಹಕ್ಕಿ ರೈತನಿಗೆ ಬೇಕಾದದ್ದು, ಯಾವುದು ಬೇಡವಾದದ್ದು ಎಂದು ಅದರ ಹೊಟ್ಟೆಯನ್ನೇ ಕೇಳುವುದು ಅವರ ಕೆಲಸ. ರೈತರು ಹೊಡೆದ ಹಕ್ಕಿಗಳನ್ನು ತರಿಸಿಕೊಂಡು, ಹೊಟ್ಟೆಯಲ್ಲಿದ್ದದ್ದನ್ನು ಚಿಮಟಿಗೆಯಿಂದ ಬಿಡಿಸಿ ಬಿಳಿ ತಟ್ಟೆಯಲ್ಲಿ ಹರಡುತ್ತಿದ್ದರು. ಇಲ್ಲಿ ಕಾಳು, ಅಲ್ಲಿ ಕಳೆಬೀಜ, ಈ ಕಡೆ ಹುಳು. ಊರಿನ ಕಾಲೇಜಿನಲ್ಲಿ ಓದುತ್ತಿದ್ದ ನಾನು ಮಧ್ಯಾಹ್ನ ಹೋಗಿ ಸೀಸೆಗಳಿಗೆ ಚೀಟಿ ಬರೆಯುತ್ತಿದ್ದೆ: ಯಾರ ಹೊಲ, ಯಾವ ದಿನ.

ಸಭೆಗೆ ಮುಂಚಿನ ಗುರುವಾರ ಮೇಷ್ಟ್ರ ಮುಖ ಸಪ್ಪಗಿತ್ತು. ನಲವತ್ತಮೂರು ಹುಲ್ಲುಹಕ್ಕಿ ನೋಡಿದ್ದರು. ಮೂವತ್ತರಲ್ಲಿ ಗೋಧಿ ಇತ್ತು.

"ಸುಳ್ಳು ಬರೆಯೋಕಾಗಲ್ಲ," ಎಂದರು ನನಗೆ. "ಗೋಧಿ ಇದೆ ಅಂದ್ರೆ ಇದೆ."

ಅತ್ತೆ ಮೂಲೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಒಂದು ತಟ್ಟೆಯ ಕಾಳುಗಳನ್ನು ಸೀಸೆಗೆ ಹಾಕಲು ಎತ್ತಿಕೊಂಡವಳು ಹಾಗೇ ನಿಂತಳು.

"ಮೇಷ್ಟ್ರೇ, ಇದು ಯಾರ ಗೋಧಿ?"

"ನಿಮ್ಮ ಮೈದುನಂದೇ ಬೆರಿತ್. ಚೀಟಿ ನೋಡಿ."

"ಚೀಟಿ ಹಕ್ಕಿದು. ನಾನು ಗೋಧಿ ಕೇಳ್ದೆ. ಆಸ್ಮುಂಡನ ಬಿತ್ತನೆ ಅದ್ದಿದ್ದು ನಾನು. ಇಲ್ಲಿ ನೋಡಿ." ಎಂದು ಒದ್ದೆ ಕೈ ಚಾಚಿದಳು. ಉಗುರಿನ ಸಂದು, ಬೆರಳಿನ ಗೆರೆ, ಮೊಣಕೈವರೆಗೆ ನೀಲಿ.

ನಮ್ಮ ಕಡೆ ಬಿತ್ತುವ ಗೋಧಿಯನ್ನು ಮೈಲುತುತ್ತದ ನೀಲಿ ನೀರಿನಲ್ಲಿ ಅದ್ದದೆ ಯಾರೂ ಹೊಲಕ್ಕೆ ಒಯ್ಯುವುದಿಲ್ಲ. ಒಯ್ದರೆ ಕಾಡಿಗೆ ರೋಗ ತಗುಲಿ ತೆನೆಯೆಲ್ಲ ಕರಿಪುಡಿ. ಅದ್ದುವುದು ಹೆಂಗಸರ ಕೆಲಸ. ಈಸ್ಟರ್ ಪ್ರಾರ್ಥನೆಗೆ ಕೈ ಜೋಡಿಸಿದರೆ ಹೆಂಗಸರು ಕೂತ ಸಾಲಿನುದ್ದಕ್ಕೂ ಬೆರಳುಗಳೆಲ್ಲ ನೀಲಿ ಕಾಣುತ್ತವೆ. ಬಿತ್ತುವುದು, ಹಕ್ಕಿ ಹೊಡೆಯುವುದು, ಹೊಟ್ಟೆ ಸೀಳಿ ನೋಡುವುದು ಗಂಡಸರ ಕೆಲಸ. ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವ ರೂಢಿಯಿರಲಿಲ್ಲ. ನನ್ನ ತಾಯಿಯ ಕೈಯೂ ನೀಲಿಯೇ, ಆದರೂ ಚೀಟಿ ಬರೆಯುವಾಗ ನನಗೆ ಹೊಳೆದಿರಲಿಲ್ಲ.

"ಅದ್ದಿದ ಕಾಳಿನ ಬೆನ್ನಲ್ಲಿ ಸೀಳಿರುತ್ತಲ್ಲ, ಅದರೊಳಗೆ ಬಣ್ಣ ಕೂತುಬಿಡುತ್ತೆ," ಎಂದಳು ಅತ್ತೆ. "ಇದರ ಸೀಳು ನೋಡಿ, ಬೆಳ್ಳಗಿದೆ. ಇದು ಬಿತ್ತಿದ್ದಲ್ಲ. ಹೋದ ವರ್ಷ ಕೊಯ್ಲಲ್ಲಿ ಉದುರಿ, ಹಿಮದಡಿ ಬಿದ್ದಿದ್ದು. ಯಾರಿಗೂ ಬೇಡದ್ದು."

ಮೇಷ್ಟ್ರು ಭೂತಗಾಜು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ತಮ್ಮ ಕುರ್ಚಿಯನ್ನೇ ಎಳೆದು ತಂದು ಅವಳ ಹಿಂದೆ ಇಟ್ಟರು.

"ಕೂತ್ಕೊಳ್ಳಿ. ಎಲ್ಲ ತಟ್ಟೇನೂ ನೀವೇ ನೋಡ್ಬೇಕು. ನನಗೆ ಇದು ಗೊತ್ತಿರ್ಲಿಲ್ಲ."

ಎಂಟು ವರ್ಷ ಆ ಕೋಣೆಯಲ್ಲಿ ಅವಳು ಕೂತದ್ದೇ ಇಲ್ಲ. ಈಗಲೂ ಮೇಷ್ಟ್ರ ಹೆಸರು ಬಂದರೆ ಅವಳು ಮೊದಲು ಹೇಳುವುದು ಆ ಕುರ್ಚಿಯ ಮಾತು. "ಗೊತ್ತಿರ್ಲಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರು ಕಣೆ, ಅಷ್ಟು ಓದಿದೋರು!"

ಎರಡು ದಿನ ಸೀಸೆಯ ಮೇಲೆ ಸೀಸೆ ಬಗ್ಗಿಸಿದೆವು. ಬಿಳಿ, ಬಿಳಿ, ಬಿಳಿ. ಶನಿವಾರ ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಹೋಗಿದ್ದಾಗ ಕೊನೆಯ ಸೀಸೆ ಉಳಿದಿತ್ತು. ಅತ್ತೆ ಅದನ್ನು ತಟ್ಟೆಗೆ ಸುರಿದು ಗೋಧಿಯನ್ನು ಸೂಜಿಯಿಂದ ತಿರುಗಿಸಿದಳು. ನಾಲ್ಕು ಕಾಳು. ನಾಲ್ಕರ ಸೀಳೂ ನೀಲಿ.

ನೀರಿನ ಬಕೆಟ್ಟು ಅವಳ ಪಕ್ಕದಲ್ಲೇ ಇತ್ತು. ಅವಳು ಬಕೆಟ್ಟನ್ನು ನೋಡಿದ್ದನ್ನು ನಾನು ನೋಡಿದೆ. ನನ್ನ ಬಾಯಿಂದ ತಾನಾಗಿ ಬಂತು:

"ಅತ್ತೆ, ನಾಲ್ಕೇ ತಾನೇ. ಯಾರಿಗೆ ಗೊತ್ತಾಗುತ್ತೆ?"

ಕಿಟಕಿಯಾಚೆ ಆಸ್ಮುಂಡನ ಹೊಲದ ಕಡೆಯಿಂದ ಟಪ್ ಎಂದಿತು.

"ನನಗೆ ಗೊತ್ತಾಗುತ್ತಲ್ಲ," ಎಂದಳು. "ಬರಿ ಚೀಟಿ. ನಾಲ್ಕು ನೀಲಿ. ಉಳಿದಿದ್ದನ್ನೂ ಎಣಿಸು. ಒಂದೂ ಬಿಡಬೇಡ."

ಉಳಿದದ್ದು ಮೊಳಕೆಯ ಬುಡ ಕತ್ತರಿಸುವ ಹುಳುಗಳು. ಮೂವತ್ತೊಂದು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಶಾಲೆ ತುಂಬಿತು. ಅಲ್ಲಿ ಕೈ ಎತ್ತುವ ಹಕ್ಕು ಹೆಂಗಸರಿಗಿರಲಿಲ್ಲ, ಕಾಫಿ ಹೊಯ್ಯುವ ಹಕ್ಕಿತ್ತು. ಕಾಫಿಯಾಗದೆ ನಮ್ಮವರ ಸಭೆ ಶುರುವಾಗುವುದೂ ಇಲ್ಲ. ಅತ್ತೆ ಚರ್ಚಿನ ಅಡುಗೆಮನೆಯಿಂದ ನಲವತ್ತಮೂರು ಬಸಿಗಳನ್ನು ತಂದು ಬೆಂಚುಗಳ ಮೇಲೆ ಸಾಲಾಗಿ ಇಟ್ಟಿದ್ದಳು. ಒಂದೊಂದರಲ್ಲೂ ಒಂದೊಂದು ಹಕ್ಕಿಯ ಊಟ, ಪಕ್ಕದಲ್ಲಿ ನನ್ನ ಚೀಟಿ.

ಕ್ನೂತ್ ಅಜ್ಜ ಕಾಫಿ ಬಗ್ಗಿಸಿಕೊಳ್ಳಲು ಬಸಿ ಎತ್ತಿಕೊಂಡು ಮುಖಕ್ಕೆ ಹತ್ತಿರ ಹಿಡಿದ. "ಏನಮ್ಮಾ ಬೆರಿತ್, ಲೆಫ್ಸೆ ರೊಟ್ಟಿ ಮುಗಿದುಹೋಯ್ತಾ? ಕೋಳಿ ಮೇವು ಬಡಿಸಿದೀಯ!"

"ತಿನ್ನಬೇಡಿ ಅಜ್ಜ, ಆಗಲೇ ಒಬ್ಬರು ತಿಂದದ್ದು ಅದು."

ಹಿಂದಿನ ಬೆಂಚಿನವರು ನಕ್ಕರು. ಅಜ್ಜ ಬಸಿಯನ್ನು ಮೆಲ್ಲಗೆ ಕೆಳಗಿಟ್ಟ. ಕಾಫಿ ಹೊಯ್ಯುತ್ತಲೇ ಅತ್ತೆ ಬೆಂಚಿನಿಂದ ಬೆಂಚಿಗೆ ಹೋಗಿ ವಿಷಯ ಹೇಳಿದಳು. ನೀಲಿಯ ಮಾತು ಬಂದಾಗ ಹೆಂಗಸರ ಮೂಲೆಯಲ್ಲಿ ಒಬ್ಬೊಬ್ಬರೇ ತಮ್ಮ ಕೈ ನೋಡಿಕೊಂಡರು.

ಆಸ್ಮುಂಡ್ ಎದ್ದು ನಿಂತ. "ಅತ್ತಿಗೆ, ನಿನ್ನ ಕಾಫಿ ಚೆನ್ನಾಗಿದೆ. ಮಾತು ಅಷ್ಟು ಗಟ್ಟಿಯಿಲ್ಲ. ಒದ್ದೆ ಮಣ್ಣಲ್ಲಿ ನಾಲ್ಕು ದಿನ ಬಿದ್ದ ಕಾಳಿನ ಬಣ್ಣ ತೊಳೆದುಹೋಗಲ್ವಾ?"

"ಹೋಗುತ್ತೋ ಇಲ್ವೋ ನೋಡೋಣ. ಆಚೆಗೆ ನಿನ್ನ ಹೊಲವೇ ಇದೆ. ಮಂಗಳವಾರ ಬಿತ್ತಿದ ಸಾಲಲ್ಲಿ ಒಂದು ಹಿಡಿ ಮಣ್ಣು ತಗೊಂಡು ಬಾ."

"ನಾನಾ?"

"ಮತ್ತೆ? ನಾನು ತಂದರೆ ಮನೆಯಲ್ಲೇ ಬಣ್ಣ ಹಚ್ಚಿದೆ ಅಂತೀಯ."

ಹೋಗದೆ ಅವನಿಗೆ ದಾರಿಯಿರಲಿಲ್ಲ. ಭಾನುವಾರದ ಕರಿ ಕೋಟಿನಲ್ಲೇ ಮಂಡಿಯೂರಿ ಮಣ್ಣು ಕೆದಕಿ, ಟೊಪ್ಪಿಯಲ್ಲಿ ತುಂಬಿಕೊಂಡು ಬಂದ. ಸೀಮೆಸುಣ್ಣದ ತಟ್ಟೆಯಲ್ಲಿ ನೀರು ಹಾಕಿ ತಾನೇ ತೊಳೆದ. ಮೊಳಕೆ ಆಗಷ್ಟೇ ಒಡೆದಿತ್ತು. ಕಿಟಕಿಯ ಬಳಿ ಹೋಗಿ ಒಂದು ಕಾಳು ತಿರುಗಿಸಿದ, ಇನ್ನೊಂದು ತಿರುಗಿಸಿದ. ಕ್ನೂತ್ ಅಜ್ಜ ಅವನ ಹೆಗಲ ಮೇಲಿಂದ ಬಗ್ಗಿ ನೋಡಿ, "ನೀಲಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಅಲ್ಲಿಗೆ ನಿಲ್ಲಿಸಿದ್ದರೂ ಅವಳು ಗೆದ್ದಂತೆಯೇ. ಆದರೆ ಅತ್ತೆ ಕಾಫಿ ಕೆಟಲನ್ನು ಒಲೆಯ ಮೇಲಿಟ್ಟು, ಮೂಲೆಯ ಬೆಂಚಿನಿಂದ ಒಂದು ಬಸಿ ತೆಗೆದುಕೊಂಡು ಮೈದುನನ ಮುಂದೆ ಇಟ್ಟಳು.

"ಇದನ್ನೂ ನೋಡು. ನಿನ್ನ ಹೊಲದ್ದೇ. ಇದು ಕದ್ದಿದೆ. ನಾಲ್ಕು ಕಾಳು."

ಗೋಡೆಗೊರಗಿ ನಿಂತಿದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಯಾರೋ ಕೆಮ್ಮಿದರು. ಆಸ್ಮುಂಡ್ ಬಸಿಯನ್ನು ನೋಡಿದ, ಅತ್ತಿಗೆಯನ್ನು ನೋಡಿದ.

"ಇದನ್ನ ಯಾಕೆ ತೋರಿಸ್ತಿದೀಯ?"

"ಇತ್ತಲ್ಲ, ಅದಕ್ಕೆ."

ಅವನು ಕೂತ. ಬೆರಳಿನಿಂದ ಹುಳುಗಳನ್ನು ಒಂದೊಂದಾಗಿ ಸರಿಸುತ್ತಾ ಎಣಿಸತೊಡಗಿದ. ಹೋದ ವರ್ಷ ಅದೇ ಹುಳು ಅವನ ಮೊಳಕೆಯಲ್ಲಿ ಕಾಲುಭಾಗ ಕತ್ತರಿಸಿತ್ತು. ಅಷ್ಟು ದೊಡ್ಡ ಗಂಡಸು ಶಾಲೆಯ ಮಕ್ಕಳ ಬೆಂಚಿನಲ್ಲಿ ಕೂತು, ತುಟಿಯಲ್ಲೇ ಲೆಕ್ಕ ಹಾಕುವುದನ್ನು ಎಲ್ಲರೂ ಕಾದು ನೋಡಿದೆವು.

"ಮೂವತ್ತೊಂದು," ಎಂದ ಕೊನೆಗೆ. "ನಾಲ್ಕು ಕಾಳು ತಿಂದು ಮೂವತ್ತೊಂದು ಹುಳು. ನನ್ನ ಆಳು ಇದಕ್ಕಿಂತ ಹೆಚ್ಚು ತಿಂತಾನೆ, ಇದರಲ್ಲಿ ಅರ್ಧ ಕೆಲಸ ಮಾಡಲ್ಲ."

ಈ ಸಲ ಎಲ್ಲರೂ ನಕ್ಕರು. ಆದರೂ ಹನ್ನೊಂದು ಜನ ವಿಷಕ್ಕೇ ಕೈ ಎತ್ತಿದರು. ಉಳಿದವರು ಎತ್ತಲಿಲ್ಲ. ಆಸ್ಮುಂಡ್ ತನ್ನ ಎರಡೂ ಕೈಯನ್ನು ಕೆಸರು ಟೊಪ್ಪಿಯೊಳಗೆ ಇಟ್ಟುಕೊಂಡು ಕೂತಿದ್ದ. ಸೋಮವಾರ ಬೆಳಿಗ್ಗೆ ಯಾರೂ ಏನೂ ಚೆಲ್ಲಲಿಲ್ಲ.

ಬಾಗಿಲ ಬಳಿ ಅವನು ಅತ್ತೆಗೆ ಹೇಳಿದ್ದು ನನಗೆ ಕೇಳಿಸಿತು. "ನೀಲಿ ಕಾಳು ಮುಚ್ಚಿಟ್ಟು, ಆಮೇಲೆ ನನಗೆ ಗೊತ್ತಾಗಿದ್ರೆ, ಬಿಳಿದನ್ನೂ ನಂಬ್ತಿರ್ಲಿಲ್ಲ ಅತ್ತಿಗೆ."

"ಗೊತ್ತು," ಎಂದಳು ಅವಳು. "ಟೊಪ್ಪಿ ಕೊಡು, ತೊಳೆದುಕೊಡ್ತೀನಿ."

ಮೇಷ್ಟ್ರ ವರದಿ ಅಚ್ಚಾಗಿ ಬಂದದ್ದು ಮರುವರ್ಷದ ಜೂನಿನಲ್ಲಿ. ಹದಿನಾಲ್ಕನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಬಿತ್ತನೆಯ ಕಾಳನ್ನು ಉದುರುಕಾಳಿನಿಂದ ಬೇರ್ಪಡಿಸುವ ಈ ವಿಧಾನವನ್ನು ನಮಗೆ ಕಲಿಸಿದವರು ಶ್ರೀಮತಿ ಬೆರಿತ್ ಹೋವ್ಡೆ, ಅವರಿಗೆ ನಾವು ಋಣಿ. ಅವಳ ಮೆಟ್ಟಿಲ ಮೇಲೆ ಕೂತು ಅದನ್ನು ಓದಿ ಹೇಳಿದೆ. ಅವಳು ಬಟಾಣಿ ಸುಲಿಯುತ್ತಿದ್ದಳು.

"ಋಣಿ ಅಂತ ಹಾಕಿದಾರಾ? ಇನ್ನೊಂದ್ಸಲ ಓದು."

ಓದಿದೆ. ಅವಳು ಬಟಾಣಿ ಬೋಗುಣಿಯನ್ನು ಸುಮ್ಮನೆ ಒಮ್ಮೆ ಅಲ್ಲಾಡಿಸಿದಳು. "ಹೇಳಬೇಕಾದವಳು ನಾನು," ಎಂದಳು. "ಅವರಿಗೆ, ಈ ಬಯಲಿಗೆ, ಆಮೇಲೆ ಆ..."

ಅಷ್ಟರಲ್ಲಿ ಬೇಲಿಯಾಚೆ ಹುಲ್ಲು ಕೊಯ್ಯುವ ಯಂತ್ರದ ಸದ್ದು ತಟ್ಟನೆ ನಿಂತಿತು. ಆಸ್ಮುಂಡ್ ಲಗಾಮು ಹಿಡಿದು ಕೂಗುತ್ತಿದ್ದ.

"ಅತ್ತಿಗೇ! ಇಲ್ಲೊಂದು ಹಕ್ಕಿ ಎದ್ದುಹೋಯ್ತು, ಗೂಡು ಸಿಗ್ತಿಲ್ಲ! ಕುದುರೆ ಎಷ್ಟು ಹೊತ್ತು ನಿಲ್ಲಿಸಲಿ? ಬೇಗ ಬಾ ಮಾರಾಯ್ತಿ!"

ಅತ್ತೆ ಬೋಗುಣಿಯನ್ನು ನನ್ನ ಮಡಿಲಿಗಿಟ್ಟು ಎದ್ದಳು. ಏಪ್ರನ್‌ನಲ್ಲಿ ಕೈ ಒರೆಸಿಕೊಳ್ಳುತ್ತಾ, ಸೊಂಟದೆತ್ತರದ ಹುಲ್ಲಿನೊಳಗೆ ಹೆಜ್ಜೆ ಹಾಕುತ್ತಾ ಕೂಗಿ ಹೇಳಿದಳು: "ಅಲ್ಲೇ ನಿಲ್ಲು, ಕಾಲು ಎತ್ತಬೇಡ! ಎದ್ದ ಜಾಗದಲ್ಲಿ ಹುಡುಕಿದ್ರೆ ಹೇಗೆ ಸಿಗುತ್ತೆ? ಅದು ಗೂಡಿಂದ ಸ್ವಲ್ಪ ದೂರ ನಡೆದು ಬಂದು ಆಮೇಲೆ ಏಳೋದು, ಮೊದಲು ನಿನ್ನ ಎಡಗಡೆ ಹುಲ್ಲನ್ನ ಮೆಲ್ಲಗೆ ಸರಿಸಿ ನೋಡು!"