ನೆರಳು ಬೀಳದ ಮನೆ

ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ರಸ್ತೆಯ ಪಕ್ಕ ನಮ್ಮ ಗುಲಾಬಿಯ ಪಾಲಿಹೌಸ್ ಇದೆ. ಕಬ್ಬಿಣದ ಕಂಬಗಳ ಮೇಲೆ ಹಾಲಿನ ಬಣ್ಣದ ಪ್ಲಾಸ್ಟಿಕ್ ಹಾಳೆ ಹೊದಿಸಿದ ದೊಡ್ಡ ಮನೆ ಅದು. ನಾನೂ ಅಮ್ಮನೂ ದಿನವೆಲ್ಲ ಅದರೊಳಗೇ ಇರುತ್ತೇವೆ. ಬೇಸಿಗೆ ಬಂತೆಂದರೆ ಬಿಸಿಲಿನ ಝಳ ತಡೆಯಲು ಹಾಳೆಯ ಮೇಲೆ ಸುಣ್ಣದ ನೀರು ಹೊಡೆಯುತ್ತೇವೆ. ಆಮೇಲೆ ಒಳಗಿನ ಬೆಳಕಿಗೆ ದಿಕ್ಕೇ ಇರುವುದಿಲ್ಲ. ಎಲ್ಲ ಕಡೆಯಿಂದಲೂ ಬರುತ್ತದೆ, ಯಾವುದಕ್ಕೂ ನೆರಳು ಬೀಳುವುದಿಲ್ಲ. ಗಿಡಕ್ಕಿಲ್ಲ, ಬುಟ್ಟಿಗಿಲ್ಲ, ನಮಗೂ ಇಲ್ಲ.

ಅಮ್ಮನಿಗೆ ಇದು ಮೊದಲ ದಿನದಿಂದಲೂ ಆಗಿಬರಲಿಲ್ಲ. ತನ್ನ ನೆರಳು ತನಗೆ ಕಾಣದಾದವರು ವರ್ಷ ದಾಟುವುದಿಲ್ಲ ಎಂದು ಅವಳ ಅಜ್ಜಿ ಹೇಳಿದ್ದಳಂತೆ. ಹಾಗಾಗಿ ಊಟದ ಹೊತ್ತಿಗೆ ಹೊರಗೆ ಹೋಗಿ, ಬಿಸಿಲಲ್ಲಿ ನಿಂತು, ಕಾಲ ಬುಡ ನೋಡಿಕೊಂಡ ಮೇಲೆಯೇ ಬುತ್ತಿ ಬಿಚ್ಚುತ್ತಿದ್ದಳು. ಇದೆಯೋ, ಓಡಿಹೋಯಿತೋ ಎಂದು ನಾನು ಕಾಡಿಸುತ್ತಿದ್ದೆ. ಒಮ್ಮೆ ಪಾಠವನ್ನೂ ಮಾಡಿದೆ. ಬಿಸಿಲಿಗೆ ಸ್ಟೀಲ್ ತಟ್ಟೆ ಹಿಡಿದೆ, ನೆಲದ ಮೇಲೆ ಕಪ್ಪು ಬಿತ್ತು. ಗಾಜಿನ ಲೋಟ ಹಿಡಿದೆ, ಬೆಳಕು ಸರಾಗವಾಗಿ ದಾಟಿ ಅಂಚಿನ ಗೆರೆಯಷ್ಟೇ ಉಳಿಯಿತು. ಹಳೆಯ ಹಾಳೆಯ ಚೂರು ಹಿಡಿದಾಗಲೂ ಬೆಳಕು ದಾಟಿತು, ಆದರೆ ಚೆಲ್ಲಾಪಿಲ್ಲಿಯಾಗಿ. ಅಮ್ಮ ಎಲ್ಲ ನೋಡಿ ಸರಿ ಎಂದಳು, ಮಾರನೆಯ ದಿನ ಮತ್ತೆ ಹೊರಗೆ ಹೋಗಿ ನಿಂತಳು.

ಈ ವರ್ಷ ಯುಗಾದಿಯ ನಂತರ ಹಾಗೆ ಹೋಗುವುದನ್ನು ಬಿಟ್ಟಳು. ಅಂತೂ ಬುದ್ಧಿ ಬಂತು ಎಂದುಕೊಂಡೆ. ಆದರೆ ಅದೇ ದಿನಗಳಲ್ಲಿ ತನ್ನ ಒಳ್ಳೆಯ ಸೀರೆಗಳನ್ನು ಒಂದೊಂದಾಗಿ ನನ್ನ ಪೆಟ್ಟಿಗೆಗೆ ಸೇರಿಸತೊಡಗಿದಳು. ಉಪ್ಪಿನಕಾಯಿಯ ಹದವನ್ನು, ನಾನು ಕೇಳದಿದ್ದರೂ, ಕೂರಿಸಿಕೊಂಡು ಹೇಳಿಕೊಟ್ಟಳು.

ಒಂದು ಮಧ್ಯಾಹ್ನ ನಾನೊಬ್ಬಳೇ ಒಳಗೆ ಮೊಗ್ಗುಗಳು ಬೇಗ ಅರಳದಂತೆ ಅವಕ್ಕೆ ಬಲೆಯ ಟೋಪಿ ಹಾಕುತ್ತಿದ್ದೆ. ಪಕ್ಕದ ಹಾಳೆಯ ಗೋಡೆಯ ಮೇಲೆ ಒಂದು ಅಂಗೈ ಮೂಡಿತು. ಹಾಳೆಗೆ ತಾಗಿದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ತುಸು ಹಿಂದೆ ಸರಿದದ್ದು ಅಳಿಸಿಹೋಗುತ್ತದೆ. ಅದು ನನಗೆ ಗೊತ್ತು. ಆದರೂ ಬೆಚ್ಚಿದೆ. ಐದು ಬೆರಳು, ಹಿಂದೆ ಮೈಯೇ ಇಲ್ಲ. ಆ ಕೈ ಹಾಳೆಯನ್ನು ತಡವುತ್ತ ಬಾಗಿಲ ಕಡೆ ಬಂತು, ಬಾಗಿಲನ್ನು ದಾಟಿ ಹೋಯಿತು, ಮತ್ತೆ ಹಿಂದಕ್ಕೆ ಬಂತು. ಯಾರು ಎಂದೆ.

ಹೊರಗೆ ಹೋಗಿ ನೋಡಿದರೆ ಅಮ್ಮ. ಸುಡುಬಿಸಿಲಲ್ಲಿ ನಿಂತು ಬಾಗಿಲು ಹುಡುಕುತ್ತಿದ್ದಳು. ಅವಳ ನೆರಳು ಕಾಲ ಬುಡದಲ್ಲೇ ಕರ್ರಗೆ ಬಿದ್ದಿತ್ತು.

"ನಂದು ಹೋಗ್ಬಿಟ್ಟೈತೆ ಕಣವ್ವ," ಎಂದಳು. "ಯುಗಾದಿಯಿಂದ್ಲೂ ಕಾಣ್ತಿಲ್ಲ. ನೀನು ಹೆದರ್ಕೊಂತೀಯ ಅಂತ ಹೇಳ್ಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಅವಳು ನನ್ನ ಪಕ್ಕದಲ್ಲೇ ಹೂ ಕೊಯ್ಯುತ್ತ, ಒಬ್ಬಳೇ ಸಾವಿಗೆ ಕಾಯುತ್ತಿದ್ದಳು. ಮಾರನೆಯ ದಿನ ಕರೆದುಕೊಂಡು ಹೋಗಿ ತೋರಿಸಿದಾಗ ದೊಡ್ಡಬಳ್ಳಾಪುರದ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಲಿತಿದೆ ಎಂದರು. ಅವರು ಟಾರ್ಚ್ ಬಿಟ್ಟಾಗ ನಾನೂ ಬಗ್ಗಿ ನೋಡಿದೆ. ನಮ್ಮ ಹಾಳೆಯದೇ ಬಣ್ಣ. ಬೆಳಕು ಒಳಗೆ ಹೋಗುತ್ತಿತ್ತು, ಚೆಲ್ಲಾಪಿಲ್ಲಿಯಾಗಿ.

ಆಪರೇಷನ್ ಆಗಿ ಕಪ್ಪು ಕನ್ನಡಕ ತೆಗೆದ ಮೇಲೆ ಅವಳನ್ನು ತೋಟಕ್ಕೆ ಕರೆದುಕೊಂಡು ಬಂದೆ. ಬಿಸಿಲಲ್ಲಿ ನಿಂತು ಕಾಲ ಬುಡ ನೋಡಿಕೊಂಡಳು, ನಕ್ಕಳು, ಬಗ್ಗಿ ನೆರಳಿನ ತಲೆಯನ್ನು ಮುಟ್ಟಿದಳು. ನನಗೆ ಜೀವ ಬಂದಂತಾಯಿತು. ಬುತ್ತಿ ತರಲು ಪಾಲಿಹೌಸಿನೊಳಗೆ ಹೋದೆ. ತೆರೆದ ಬಾಗಿಲಿನಿಂದ ಅಮ್ಮ ನನ್ನನ್ನು ನೋಡಿದಳು. ಮುಖ ನೋಡಿದಳು, ಆಮೇಲೆ ನನ್ನ ಪಾದದ ಸುತ್ತಲಿನ ನೆಲವನ್ನು ನೋಡಿದಳು. ನಗು ಆರಿಹೋಯಿತು.

"ಈಚೆ ಬಾ," ಎಂದಳು ಮೆಲ್ಲಗೆ. "ಬುತ್ತಿ ಇರ್ಲಿ, ಮೊದ್ಲು ಈಚೆ ಬಾ."

ಅದು ಹಾಳೆಯ ಗುಣ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೊರಗೆ ಬಂದೆ, ಅವಳಿಗಿಂತ ಮೊದಲು ನಾನೇ ಕೆಳಗೆ ನೋಡಿದೆ.